ಪಂಪ್‌ಹೌಸಿನ ಬೋರ್ಡು ಮೇಲೇಳದಿದ್ದದ್ದು: ಸುಂಟಿಕೊಪ್ಪದ ಬಳಿಯ ಒಂದು ಪ್ರಕರಣ

ಕೊಡಗಿನ ಸುಂಟಿಕೊಪ್ಪದ ಬಳಿಯ ಒಂದು ರೋಬಸ್ಟಾ ಕಾಫಿ ತೋಟದಲ್ಲಿ, ಕೆರೆಯ ದಂಡೆಯ ಪಂಪ್‌ಹೌಸಿನ ಗೋಡೆಗೆ ತಗುಲಿಸಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಒಂದು ರಾಸ್ಪ್‌ಬೆರಿ ಪೈ 3 ಬಿ ಪ್ಲಸ್ ಬೋರ್ಡು, ಅಂದರೆ ಒಂದೇ ಹಲಗೆಯ ಪುಟ್ಟ ಕಂಪ್ಯೂಟರು, ಇದೆ. ಕೆರೆಯ ನೀರಿನ ಮಟ್ಟವನ್ನು ಹತ್ತು ನಿಮಿಷಕ್ಕೊಮ್ಮೆ ಅಳೆಯುವುದು, ಮಳೆಮಾಪಕದ ಬಟ್ಟಲು ಎಷ್ಟು ಬಾರಿ ಮಗುಚಿತೆಂದು ಎಣಿಸಿ ಮಳೆಯನ್ನು ಸೆಂಟಿನ ಲೆಕ್ಕದಲ್ಲಿ ಬರೆದಿಡುವುದು, ದಿನಕ್ಕೆರಡು ಬಾರಿ ಅದನ್ನು ಮಾಲೀಕರ ಫೋನಿಗೆ ಕಳುಹಿಸುವುದು, ಇಷ್ಟೇ ಅದರ ಕೆಲಸ. ಕೊಡಗಿನ ಬೆಳೆಗಾರರಿಗೆ ಮಿಲಿಮೀಟರಿನಲ್ಲಿ ಮಳೆ ಹೇಳಿದರೆ ಮನಸ್ಸಿಗೆ ಹತ್ತುವುದಿಲ್ಲ. ಇಂಚಿನ ನೂರನೆಯ ಒಂದು ಭಾಗವಾದ ಸೆಂಟೇ ಇಲ್ಲಿನ ಮಳೆ ಪುಸ್ತಕಗಳ ಅಳತೆ. ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಯಿಸುವ ತೋಟಗಳಲ್ಲಿ, ಕೆರೆಯಲ್ಲಿ ಇನ್ನೆಷ್ಟು ನೀರಿದೆ, ಇನ್ನೆಷ್ಟು ಎಕರೆಗೆ ಅದು ಸಾಕಾದೀತು ಎಂಬ ಲೆಕ್ಕವೇ ಮುಖ್ಯವಾದ್ದರಿಂದ, ಆ ಐದಾರು ವಾರಗಳಲ್ಲಿ ಈ ಬೋರ್ಡು ನಿಂತುಹೋದರೆ ಅದನ್ನು ಇಟ್ಟದ್ದೇ ವ್ಯರ್ಥ.

ಅದು ನಿಂತದ್ದು ಸರಿಯಾಗಿ ಆ ವಾರಗಳಲ್ಲೇ. ಮಾರ್ಚ್ ಮೊದಲ ವಾರ ನನ್ನನ್ನು ಕರೆಸಿದಾಗ ಮಾಲೀಕರು ಹೇಳಿದ ದೂರು ಒಂದೇ ವಾಕ್ಯದ್ದು: ಬೋರ್ಡು ದಿನಕ್ಕೆ ಎರಡು ಮೂರು ಬಾರಿ ತಾನಾಗಿಯೇ ರೀಸೆಟ್ ಆಗುತ್ತದೆ, ಕೆಲವೊಮ್ಮೆ ಮತ್ತೆ ಏಳುವುದೇ ಇಲ್ಲ. ಅದನ್ನು ಅಳವಡಿಸಿದ ತಂತ್ರಜ್ಞರು ಅದಾಗಲೇ ಮೂರು ಬಾರಿ ಮೆಮೊರಿ ಕಾರ್ಡು ಬದಲಿಸಿದ್ದರು. ತೆಗೆದ ಮೂರು ಕಾರ್ಡುಗಳನ್ನೂ ತೋಟದ ರೈಟರು (ಲೆಕ್ಕಪತ್ರ ಬರೆಯುವವರು) ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ತಾರೀಕು ಬರೆದು, ಮಳೆ ಪುಸ್ತಕದ ನಡುವೆ ಇಟ್ಟಿದ್ದರು. ಈ ತನಿಖೆಯಲ್ಲಿ ನನಗೆ ದೊರೆತ ಅತ್ಯಂತ ಬೆಲೆಬಾಳುವ ಸಾಕ್ಷ್ಯವೆಂದರೆ ಆ ಲಕೋಟೆ.

ಹಿಂದಿನ ಕಥೆ

ಹಿಂದಿನ ಜೂನ್‌ನಲ್ಲಿ, ಮಳೆ ಹಿಡಿಯುವ ಮುನ್ನ ಬೋರ್ಡನ್ನು ಅಳವಡಿಸಲಾಗಿತ್ತು. 12 ವೋಲ್ಟಿನ ಬ್ಯಾಟರಿ, ಅದನ್ನು ತುಂಬುವ ಚಾರ್ಜರು, 12 ವೋಲ್ಟನ್ನು 5ಕ್ಕೆ ಇಳಿಸುವ ಒಂದು ಕನ್ವರ್ಟರು, ಅಲ್ಲಿಂದ ಎರಡು ಮೀಟರಿನ ಮೈಕ್ರೋ ಯುಎಸ್‌ಬಿ ಕೇಬಲ್ಲು, ಕೊನೆಯಲ್ಲಿ ಬೋರ್ಡು ಮತ್ತು ಅದಕ್ಕೆ ಸಿಕ್ಕಿಸಿದ 4ಜಿ ಡಾಂಗಲ್. ಆ ಮಳೆಗಾಲವಿಡೀ ಅದು ತಕರಾರಿಲ್ಲದೆ ನಡೆಯಿತು. ಅಕ್ಟೋಬರಿನಲ್ಲಿ ದಾಖಲೆಗಳ ಇನ್ನೊಂದು ಪ್ರತಿ ಇರಲೆಂದು ಪೆನ್‌ಡ್ರೈವ್ ಸೇರಿಸಿದರು. ನವೆಂಬರಿನಲ್ಲಿ ಎರಡು ದಿನ ಕರೆಂಟು ಹೋಗಿ ಬ್ಯಾಟರಿ ಬರಿದಾಯಿತು. ಕರೆಂಟು ಬಂದ ಮೇಲೆ ಬೋರ್ಡು ಏಳಲಿಲ್ಲ. ಮೊದಲ ಕಾರ್ಡು ಬದಲಾಯಿತು. ಡಿಸೆಂಬರಿನಲ್ಲಿ ಮತ್ತೊಮ್ಮೆ ಹಾಗೆಯೇ ಆಗಿ ಎರಡನೆಯ ಕಾರ್ಡು ಬದಲಾಯಿತು. ಪ್ರತಿ ಸಲ ಪೆಟ್ಟಿಗೆ ಬಿಚ್ಚುವ ತಾಪತ್ರಯ ಬೇಡವೆಂದು ತಂತ್ರಜ್ಞರು ಆಗಲೇ ಪಂಪ್‌ಹೌಸಿನ ಬಾಗಿಲ ಪಕ್ಕದಲ್ಲಿ ಒಂದು ರೀಸೆಟ್ ಗುಂಡಿಯನ್ನು ಇಟ್ಟು, ನಾಲ್ಕು ಮೀಟರ್ ವೈರಿನಿಂದ ಅದನ್ನು ಬೋರ್ಡಿನಲ್ಲಿ ರೀಸೆಟ್ಟಿಗೆಂದೇ ಇರುವ ರನ್ ತೂತುಗಳಿಗೆ ಬೆಸುಗೆ ಹಾಕಿದರು. ಫೆಬ್ರವರಿ ಕೊನೆಗೆ ಸ್ಪ್ರಿಂಕ್ಲರ್ ಶುರುವಾಯಿತು, ತಾನಾಗಿಯೇ ರೀಸೆಟ್ ಆಗುವುದೂ ಶುರುವಾಯಿತು, ಮೂರನೆಯ ಕಾರ್ಡೂ ಲಕೋಟೆ ಸೇರಿತು.

ಈ ಕ್ರಮವನ್ನು ಕಾಗದದ ಮೇಲೆ ಬರೆದುಕೊಳ್ಳುವವರೆಗೆ ನನಗೂ ಇದು ಒಂದೇ ಕಾಯಿಲೆಯೆಂದೇ ತೋರಿತ್ತು. ಬರೆದುಕೊಂಡ ಮೇಲೆ ಎರಡು ಸಂಗತಿಗಳು ಕಣ್ಣಿಗೆ ಬಿದ್ದವು. ಏಳದೇ ಇರುವ ತೊಂದರೆ ಪೆನ್‌ಡ್ರೈವ್ ಬಂದ ನಂತರದ್ದು. ತಾನಾಗಿಯೇ ರೀಸೆಟ್ ಆಗುವ ತೊಂದರೆ ಗುಂಡಿ ಬಂದ ನಂತರದ್ದು. ಹಾಗಾಗಿ ರೀಸೆಟ್ಟಿಗೆ ಒಂದು ಕಾರಣ, ಏಳದಿರುವುದಕ್ಕೆ ಇನ್ನೊಂದು ಕಾರಣವಿರಬಹುದು, ಒಂದು ಇನ್ನೊಂದಕ್ಕೆ ಅವಕಾಶ ಮಾಡಿಕೊಡುತ್ತಿರಬಹುದು ಎಂಬ ಊಹೆಯಿಂದ ನಾನು ಎರಡನ್ನೂ ಬೇರೆ ಬೇರೆಯಾಗಿಯೇ ಹುಡುಕಲು ನಿರ್ಧರಿಸಿದೆ.

ದೀಪಗಳು ಹೇಳಿದ್ದು

ಪೆಟ್ಟಿಗೆ ತೆರೆದಾಗ ಮೊದಲು ಕಂಡದ್ದು ಮೂಲೆಯಲ್ಲಿದ್ದ ಎರಡು ಹಲ್ಲಿ ಮೊಟ್ಟೆಗಳು, ಮೈಕ್ರೋ ಯುಎಸ್‌ಬಿ ಪಿನ್ನಿನ ಬಾಯಿಯ ಸುತ್ತ ಹಸಿರು ಕಿಲುಬು. ಕೊಡಗಿನಲ್ಲಿ ಒಂದು ಮಳೆಗಾಲ ಕಳೆದ ಯಾವ ಪೆಟ್ಟಿಗೆಯೊಳಗೂ ಇವು ಇರುತ್ತವೆ, ಅವನ್ನು ಕಂಡ ಮಾತ್ರಕ್ಕೆ ಅಪರಾಧಿ ಸಿಕ್ಕಿದನೆಂದುಕೊಳ್ಳಬಾರದು.

ಆ ಹೊತ್ತಿಗೆ ಬೋರ್ಡು ಸತ್ತ ಸ್ಥಿತಿಯಲ್ಲೇ ಇತ್ತು: ಕೆಂಪು ದೀಪ ಉರಿಯುತ್ತಿತ್ತು, ಹಸಿರು ದೀಪ ಆರಿತ್ತು, ಫೋನಿನಿಂದ ಕರೆದರೆ ಉತ್ತರವಿಲ್ಲ. ಕರೆಂಟು ತೆಗೆದು ಮತ್ತೆ ಕೊಟ್ಟೆ. ಹಸಿರು ದೀಪ ಅರ್ಧ ನಿಮಿಷ ಜೋರಾಗಿ, ಲಯವಿಲ್ಲದೆ ಮಿನುಗಿತು, ನಡುವೆ ಕೆಂಪು ದೀಪ ಮೂರು ನಾಲ್ಕು ಬಾರಿ ಕ್ಷಣಕಾಲ ಆರಿ ಹತ್ತಿತು, ಆಮೇಲೆ ಹಸಿರು ಸುಮ್ಮನಾಯಿತು.

ಇದು ಅರ್ಥವಾಗಲು ಈ ಬೋರ್ಡು ಏಳುವ ಕ್ರಮವನ್ನು ತಿಳಿದಿರಬೇಕು. ಪೈ 3ರಲ್ಲಿ ಮೊದಲು ಎಚ್ಚರಗೊಳ್ಳುವುದು ಮುಖ್ಯ ಪ್ರೊಸೆಸರ್ ಅಲ್ಲ, ಅದೇ ಚಿಪ್ಪಿನಲ್ಲಿರುವ ಗ್ರಾಫಿಕ್ಸ್ ಭಾಗ. ಅದು ಚಿಪ್ಪಿನೊಳಗೇ ಅಚ್ಚಾದ ಪುಟ್ಟ ಪ್ರೋಗ್ರಾಮಿನ ಆಣತಿಯಂತೆ ಕಾರ್ಡಿನ ಮೊದಲ ವಿಭಾಗದಿಂದ ಬೂಟ್‌ಕೋಡ್.ಬಿನ್ ಎಂಬ ಕಡತವನ್ನೂ, ಅದು ಸ್ಟಾರ್ಟ್.ಎಲ್ಫ್ ಎಂಬುದನ್ನೂ, ಅದು ಕಾನ್ಫಿಗ್ ಕಡತವನ್ನೋದಿ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ಲನ್ನೂ ಕರೆತರುತ್ತದೆ. ಆನಂತರವಷ್ಟೇ ಮುಖ್ಯ ಪ್ರೊಸೆಸರಿನ ಆಟ. ಕಾರ್ಡು ಓದಲು ಬಾರದಿದ್ದರೆ ಅಥವಾ ಬೂಟ್‌ಕೋಡ್ ಇಲ್ಲದಿದ್ದರೆ ಹಸಿರು ದೀಪ ಹತ್ತುವುದೇ ಇಲ್ಲ. ಸ್ಟಾರ್ಟ್.ಎಲ್ಫ್ ಸಿಗದಿದ್ದರೆ ನಾಲ್ಕು ಮಿನುಗು, ಕರ್ನಲ್ ಸಿಗದಿದ್ದರೆ ಏಳು ಮಿನುಗು, ಮೆಮೊರಿ ಚಿಪ್ಪು ಕೆಟ್ಟಿದ್ದರೆ ಎಂಟು ಮಿನುಗು, ಪ್ರತಿಯೊಂದೂ ನಡುವೆ ಬಿಡುವಿಟ್ಟು ಮತ್ತೆ ಮತ್ತೆ. ಇಲ್ಲಿ ಅಂಥ ಎಣಿಸಬಹುದಾದ ಮಿನುಗು ಇರಲಿಲ್ಲ, ಇದ್ದದ್ದು ಕಾರ್ಡನ್ನು ಸಹಜವಾಗಿ ಓದುವಾಗಿನ ಅಡ್ಡಾದಿಡ್ಡಿ ಮಿನುಗು. ಅಂದರೆ ಕಾರ್ಡು ಸತ್ತಿರಲಿಲ್ಲ. ಕರ್ನಲ್ ಬಂದಾದ ಮೇಲೆ, ಲಿನಕ್ಸಿನೊಳಗೆ ಎಲ್ಲೋ ದಾರಿ ಮುಚ್ಚಿತ್ತು. ತಂತ್ರಜ್ಞರು ನಡುವೆ ಒಮ್ಮೆ ಈಪ್ರಾಮ್ (ಬರೆದದ್ದು ಕರೆಂಟಿಲ್ಲದೆಯೂ ಉಳಿಯುವ ಚಿಪ್ಪು) ಸರಿಪಡಿಸುವ ಕಾರ್ಡನ್ನೂ ಹಾಕಿ ನೋಡಿದ್ದರಂತೆ. ಬೂಟ್ ಪ್ರೋಗ್ರಾಮು ಪ್ರತ್ಯೇಕ ಈಪ್ರಾಮಿನಲ್ಲಿರುವುದು 2019ರಲ್ಲಿ ಬಂದ ಪೈ 4ರಲ್ಲಿ. 3 ಬಿ ಪ್ಲಸ್‌ನಲ್ಲಿ ಸರಿಪಡಿಸಲು ಅಂಥದ್ದೇನೂ ಇಲ್ಲ.

ಕೆಂಪು ದೀಪ ಕ್ಷಣಕಾಲ ಆರಿದ್ದು ಇನ್ನೊಂದು ಸುಳಿವು. ಬೋರ್ಡಿಗೆ ಸಿಗುವ ವೋಲ್ಟೇಜು 4.63ಕ್ಕಿಂತ ಇಳಿದರೆ ಆ ದೀಪ ಆರುವಂತೆ ಮಾಡಿದ್ದಾರೆ. ಅದನ್ನು ಮಸುಕಾದ ಬಲ್ಬಿನಂತೆ ನಿರ್ಲಕ್ಷಿಸುವವರೇ ಹೆಚ್ಚು. ರೈಟರು ಮಾತ್ರ ತಿಂಗಳುಗಳ ಹಿಂದೆಯೇ ಅದನ್ನು ನೋಡಿದ್ದರು, ಹೇಳಿಯೂ ಇದ್ದರು; ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಏಳದಿರುವುದಕ್ಕೆ ಕಾರಣ

ಮೌನವಾಗಿರುವ ಬೋರ್ಡಿನೊಡನೆ ಮಾತಾಡಲು ಸೀರಿಯಲ್ ವೈರಿಗಿಂತ ನಂಬಿಕೆಯ ದಾರಿ ಇಲ್ಲ. ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ, ಮೊದಲು ಅದರ ಪೂರ್ತಿ ಪ್ರತಿ ತೆಗೆದಿಟ್ಟುಕೊಂಡು, ಕಾನ್ಫಿಗ್ ಕಡತದಲ್ಲಿ ಯುಆರ್ಟ್ (ಬೋರ್ಡು ತನ್ನ ಸಂದೇಶಗಳನ್ನು ವೈರಿನಲ್ಲಿ ಹೊರಗೆ ಕಳುಹಿಸುವ ದಾರಿ) ಚಾಲೂ ಮಾಡುವ ಒಂದು ಸಾಲನ್ನು ಸೇರಿಸಿದೆ. 3.3 ವೋಲ್ಟಿನ ಯುಎಸ್‌ಬಿ-ಸೀರಿಯಲ್ ವೈರನ್ನು ಬೋರ್ಡಿನ 6, 8, 10ನೆಯ ಪಿನ್ನುಗಳಿಗೆ ಸಿಕ್ಕಿಸಿ, ವೇಗವನ್ನು 115200ಕ್ಕೆ ಇಟ್ಟು, ಕರೆಂಟು ಕೊಟ್ಟೆ. (5 ವೋಲ್ಟಿನ ಸೀರಿಯಲ್ ವೈರನ್ನು ಇಲ್ಲಿ ಸಿಕ್ಕಿಸಿದರೆ ಪಿನ್ನು ಸುಟ್ಟು, ಇಲ್ಲದ ಕಾಯಿಲೆಯೊಂದು ಹೊಸದಾಗಿ ಹುಟ್ಟುತ್ತದೆ.)

ಪರದೆಯ ಮೇಲೆ ಕರ್ನಲ್ ಸಾಲುಗಳು ಸರಾಗವಾಗಿ ಓಡಿದವು. ನಾಲ್ಕಾರು ಸೆಕೆಂಡಿಗೆ ವೋಲ್ಟೇಜು ಕಡಿಮೆಯಾಗಿದೆ ಎಂಬ ಎಚ್ಚರಿಕೆ ಬಂತು, ಜೊತೆಗೆ 50005 ಎಂಬ ಹೆಕ್ಸ್ (ಹದಿನಾರರ ಎಣಿಕೆಯ) ಸಂಖ್ಯೆ. ಅದರ ಕೊನೆಯ 5 ಈ ಕ್ಷಣದಲ್ಲಿ ವೋಲ್ಟೇಜು ಕುಸಿದಿದೆ, ಪ್ರೊಸೆಸರ್ ವೇಗ ತಗ್ಗಿಸಲಾಗಿದೆ ಎನ್ನುತ್ತದೆ. ಮೊದಲ 5, ಬೋರ್ಡು ಎದ್ದಂದಿನಿಂದ ಒಮ್ಮೆಯಾದರೂ ಹಾಗಾಗಿದೆ ಎನ್ನುತ್ತದೆ. ಅದರ ಬೆನ್ನಿಗೇ ಯುಎಸ್‌ಬಿ ಸಾಧನವೊಂದು ವಿಳಾಸವನ್ನು ಒಪ್ಪಿಕೊಳ್ಳುತ್ತಿಲ್ಲ ಎಂಬ ದೂರು, ಅದೇ ಇನ್ನೆರಡು ಬಾರಿ. ಆಮೇಲೆ ಪೆನ್‌ಡ್ರೈವಿಗಾಗಿ ಕಾಯುತ್ತಿದ್ದೇನೆ ಎಂಬ ಸಾಲು ಬಂದು ನಿಂತಿತು. ಪಕ್ಕದಲ್ಲಿ ಸೆಕೆಂಡುಗಳು ಏರುತ್ತಾ ಒಂದೂವರೆ ನಿಮಿಷ ತುಂಬಿದೊಡನೆ ಲಿನಕ್ಸು ತುರ್ತು ಸ್ಥಿತಿಗೆ ಹೋಯಿತು, ಎಲ್ಲ ಅಧಿಕಾರವಿರುವ ರೂಟ್ ಖಾತೆಗೆ ಬೀಗವಿರುವುದರಿಂದ ಆದೇಶ ಬರೆಯುವ ಕನ್ಸೋಲ್ ಕೊಡಲಾರೆನೆಂದು ಹೇಳಿ ಮೌನವಾಯಿತು. ನೆಟ್‌ವರ್ಕ್ ಶುರುವಾಗುವ ಹಂತವೇ ಬರಲಿಲ್ಲ. ಹೊರಗಿನಿಂದ ನೋಡುವವರಿಗೆ ಇದು ಸತ್ತ ಬೋರ್ಡು. ಒಳಗೆ ಅದು ಪೂರ್ತಿ ಎಚ್ಚರವಾಗಿದ್ದು, ಕಾಣದ ಪೆನ್‌ಡ್ರೈವಿನ ಚಿಂತೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿತ್ತು.

ತಪ್ಪು ಇದ್ದದ್ದು, ಏಳುವಾಗ ಯಾವ ಯಾವ ಡ್ರೈವುಗಳನ್ನು ಸೇರಿಸಿಕೊಳ್ಳಬೇಕೆಂದು ಪಟ್ಟಿಮಾಡುವ ಎಫ್‌ಎಸ್‌ಟ್ಯಾಬ್ ಕಡತದ ಒಂದು ಸಾಲಿನಲ್ಲಿ. ಪೆನ್‌ಡ್ರೈವನ್ನು ಅಲ್ಲಿ ನಮೂದಿಸುವಾಗ ನೋಫೇಲ್ ಎಂಬ ಪದವನ್ನು ಸೇರಿಸಿರಲಿಲ್ಲ. ಆ ಪದವಿಲ್ಲದಿದ್ದರೆ ಆ ಡ್ರೈವು ಸಿಗುವುದು ಕಡ್ಡಾಯವೆಂದೇ ಲಿನಕ್ಸು ತಿಳಿಯುತ್ತದೆ. ಅಕ್ಟೋಬರಿಗೆ ಮುಂಚೆ ವೋಲ್ಟೇಜು ಹೀಗೆಯೇ ಕುಸಿಯುತ್ತಿದ್ದರೂ ಬೋರ್ಡು ಏಳುತ್ತಿದ್ದುದೇಕೆಂಬುದಕ್ಕೂ ಇದೇ ಉತ್ತರ: ಆಗ ಕಾಯಬೇಕಾದ ಪೆನ್‌ಡ್ರೈವೇ ಇರಲಿಲ್ಲ.

ಕಾರ್ಡು ಬದಲಿಸಿದಾಗಲೆಲ್ಲ ಬೋರ್ಡು ಎದ್ದದ್ದು ಏಕೆ ಎಂಬುದು ನನಗೆ ಈ ಪ್ರಕರಣದ ಅತಿ ಕುತೂಹಲದ ಭಾಗ. ತಂತ್ರಜ್ಞರು ಬೋರ್ಡನ್ನು ಬಿಚ್ಚಿ ಮಡಿಕೇರಿಯ ತಮ್ಮ ಮನೆಗೆ ಒಯ್ದು, ಅಲ್ಲಿ ಹೊಸ ಕಾರ್ಡು ಹಾಕಿ, ಒಳ್ಳೆಯ ಅಡಾಪ್ಟರಿನಲ್ಲಿ ಅದು ಎದ್ದದ್ದನ್ನು ನೋಡಿ ತರುತ್ತಿದ್ದರು. ಹಳೆಯ ಕಾರ್ಡನ್ನೂ ಅದೇ ಅಡಾಪ್ಟರಿನಲ್ಲಿ ಒಮ್ಮೆ ಹಾಕಿ ನೋಡಿದ್ದರೆ ಅದೂ ಏಳುತ್ತಿತ್ತು. ಪಂಪ್‌ಹೌಸಿಗೆ ಮರಳಿದ ಮೇಲೆ ಪೆನ್‌ಡ್ರೈವ್ ಸಿಗುವುದೂ ಸಿಗದಿರುವುದೂ ಆ ಕ್ಷಣದಲ್ಲಿ ಡಾಂಗಲ್ ಎಷ್ಟು ಕರೆಂಟು ಎಳೆಯಿತೆಂಬುದರ ಮೇಲೆ ನಿಂತಿದ್ದರಿಂದ, ಹತ್ತರಲ್ಲಿ ಏಳೆಂಟು ಬಾರಿ ಏಳುತ್ತಿತ್ತು, ಉಳಿದದ್ದು ಅದೃಷ್ಟ. ಲಕೋಟೆಯ ಕಾರ್ಡುಗಳನ್ನು ಅಲ್ಲೇ ಪರೀಕ್ಷಿಸಿದೆ. ನವೆಂಬರಿನದು, ಡಿಸೆಂಬರಿನದು ಎರಡೂ ಆರೋಗ್ಯವಾಗಿದ್ದವು. ಫೆಬ್ರವರಿಯದರ ಎರಡನೆಯ ವಿಭಾಗದಲ್ಲಿ ಮಾತ್ರ ಕಡತಗಳ ಜೋಡಣೆಯ (ಎಕ್ಸ್ಟ್ 4) ದೋಷಗಳಿದ್ದವು. ದಿನಕ್ಕೆ ಮೂರು ಬಾರಿ, ಬರೆಯುವ ನಡುವೆಯೇ ಕತ್ತು ಹಿಸುಕಿಸಿಕೊಂಡ ಕಾರ್ಡು ಅದು.

ವೋಲ್ಟೇಜಿನ ಲೆಕ್ಕ

ಕನ್ವರ್ಟರಿನ ಬಾಯಲ್ಲಿ ಮಲ್ಟಿಮೀಟರು 5.10 ತೋರಿಸುತ್ತಿತ್ತು, ತಂತ್ರಜ್ಞರು ಅಳೆದದ್ದೂ ಅಲ್ಲೇ. ನಾನು ಬೋರ್ಡಿನ ಮೇಲಿನ 2 ಮತ್ತು 6ನೆಯ ಪಿನ್ನುಗಳ ನಡುವೆ ಅಳೆದೆ: ಸುಮ್ಮನಿದ್ದಾಗ 4.7, ಏಳುವಾಗ 4.4ರ ಆಸುಪಾಸು. ಲೆಕ್ಕ ಹಾಕಿದರೂ ಅಷ್ಟೇ ಬರುತ್ತದೆ. ಮೊಬೈಲ್ ಚಾರ್ಜಿಂಗಿಗೆ ಸಿಗುವ ಅಗ್ಗದ ಕೇಬಲ್ಲುಗಳಲ್ಲಿ 28 ಗೇಜಿನ ಎಳೆಗಳಿರುತ್ತವೆ. ಅದರ ರೋಧ ಮೀಟರಿಗೆ ಸುಮಾರು 0.21 ಓಮ್. ಎರಡು ಮೀಟರಿನ ಕೇಬಲ್ಲೆಂದರೆ ಹೋಗಿ ಬರುವ ದಾರಿ ನಾಲ್ಕು ಮೀಟರು, 0.85 ಓಮ್. ಬೋರ್ಡು ಅರ್ಧ ಆಂಪಿಯರಿಗಿಂತ ಕಡಿಮೆ ಎಳೆಯುತ್ತಿದ್ದಾಗ 0.4 ವೋಲ್ಟಿನಷ್ಟು ದಾರಿಯಲ್ಲೇ ನಷ್ಟವಾದರೂ ಹೇಗೋ ನಡೆಯುತ್ತದೆ. ಏಳುವಾಗ ಡಾಂಗಲ್ ಮತ್ತು ಪೆನ್‌ಡ್ರೈವ್ ಸೇರಿ ಅದು 0.9 ಆಂಪಿಯರಿಗೆ ಹೋದರೆ ಮುಕ್ಕಾಲು ವೋಲ್ಟು ನಷ್ಟ, ಉಳಿಯುವುದು 4.33. ಕಿಲುಬು ಹಿಡಿದ ಪಿನ್ನಿನ ರೋಧವನ್ನು ಇದಕ್ಕೆ ಸೇರಿಸಿಯೇ ಇಲ್ಲ. ಈ ಬೋರ್ಡಿಗೆ ತಯಾರಕರು 2.5 ಆಂಪಿಯರಿನ ಅಡಾಪ್ಟರನ್ನು ಸೂಚಿಸುತ್ತಾರೆ, ಅಂಗಡಿಯವರು 3 ಆಂಪಿಯರಿನದನ್ನೇ ಕೊಡುತ್ತಾರೆ. ಕೇಬಲ್ಲು ಬಡವಾಗಿದ್ದರೆ ಕನ್ವರ್ಟರಿಗೆ ಎಷ್ಟು ಆಂಪಿಯರಿನ ಶಕ್ತಿಯಿದ್ದೂ ಉಪಯೋಗವಿಲ್ಲ.

ರೀಸೆಟ್ಟಿಗೆ ಕಾರಣ

ಇನ್ನು ತಾನಾಗಿಯೇ ರೀಸೆಟ್ ಆಗುವುದು. ಕಡಿಮೆ ವೋಲ್ಟೇಜನ್ನೇ ಇದಕ್ಕೂ ಹೊಣೆ ಮಾಡಿ ಕೆಲಸ ಮುಗಿಸುವ ಆಸೆ ನನಗೂ ಆಗಿತ್ತು. ತಡೆದದ್ದು ರೈಟರ ಒಂದು ಮಾತು. "ಸಾರ್, ಮೋಟಾರ್ ಆನ್ ಮಾಡುವಾಗ ಇದಕ್ಕೆ ಏನೂ ಆಗೋದಿಲ್ಲ, ಆಫ್ ಮಾಡುವಾಗಲೇ ಜೀವ ಹೋಗೋದು," ಎಂದರು. ಏಳೂವರೆ ಎಚ್‌ಪಿಯ ಮೋಟಾರು ಹೊರಡುವಾಗ ಲೈನಿನ ವೋಲ್ಟೇಜು ಕುಸಿಯುತ್ತದೆ, ಪಂಪ್‌ಹೌಸಿನ ಬಲ್ಬೇ ಮಂಕಾಗುತ್ತದೆ. ವೋಲ್ಟೇಜಿನದೇ ತಪ್ಪಾಗಿದ್ದರೆ ರೀಸೆಟ್ ಆಗ ಆಗಬೇಕಿತ್ತು. ನಿಲ್ಲಿಸುವಾಗ ಆಗುತ್ತದೆಂದರೆ ಇದು ಬೇರೆಯೇ ದಾರಿಯಿಂದ ಬರುತ್ತಿದೆ.

ಆದರೆ ಬೋರ್ಡಿನ ದಾಖಲೆಯೊಡನೆ ರೈಟರ ನೀರಾವರಿ ಪುಸ್ತಕವನ್ನು ಹೋಲಿಸಿದರೆ ಸಮಯಗಳು ತಾಳೆಯಾಗಲಿಲ್ಲ. ಪುಸ್ತಕದಲ್ಲಿ ಮೋಟಾರು ನಿಂತದ್ದು 10.50ಕ್ಕೆ, ದಾಖಲೆಯಲ್ಲಿ ಹಿಂದಿನ ಸರದಿಯ (ಒಮ್ಮೆ ಎದ್ದಾಗಿನಿಂದ ನಿಲ್ಲುವವರೆಗಿನ ಓಟದ) ಕೊನೆಯ ಸಾಲು 10.51ಕ್ಕೆ, ಹೊಸ ಸರದಿಯ ಮೊದಲ ಸಾಲು 10.17ಕ್ಕೆ. ಸಾಯುವ ಮುನ್ನವೇ ಮರುಹುಟ್ಟು. ಇದನ್ನು ನೋಡಿಯೇ ತಂತ್ರಜ್ಞರು ಕಾರ್ಡಿನ ಬರಹ ಕೆಟ್ಟಿದೆಯೆಂಬ ತೀರ್ಮಾನಕ್ಕೆ ಬಂದಿದ್ದರು. ನಿಜ ಬಹಳ ಸರಳ. ಈ ಬೋರ್ಡಿನಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಏಳುವಾಗ ಅದು ತಾನು ಕೊನೆಯ ಬಾರಿ ಉಳಿಸಿಟ್ಟ ಸಮಯದಿಂದ ಎಣಿಕೆ ಶುರುಮಾಡಿ, ಇಂಟರ್‌ನೆಟ್ ಸಿಕ್ಕ ಮೇಲೆ ಸರಿಪಡಿಸಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಸರದಿಯ ಮೊದಲ ಸಾಲುಗಳ ಸಮಯವನ್ನು ಬಿಟ್ಟು, ಕೊನೆಯ ಸಾಲುಗಳನ್ನು ಮಾತ್ರ ಪುಸ್ತಕದೊಡನೆ ಹೋಲಿಸಿದೆ. ಹನ್ನೊಂದು ರೀಸೆಟ್ಟುಗಳಲ್ಲಿ ಹತ್ತು, ಮೋಟಾರು ನಿಲ್ಲಿಸಿದ ನಿಮಿಷ ಅಥವಾ ಅದರ ಮರುನಿಮಿಷಕ್ಕೇ ಬಿದ್ದವು. ಯಾವುದರ ಕೊನೆಯಲ್ಲೂ ಕ್ರಮಬದ್ಧವಾಗಿ ಮುಚ್ಚಿದ ಗುರುತಿಲ್ಲ, ವೋಲ್ಟೇಜಿನ ಎಚ್ಚರಿಕೆಯೂ ಇಲ್ಲ. ವಾಕ್ಯದ ನಡುವೆ ದೀಪ ಆರಿಸಿದಂತೆ ಬರಹ ನಿಂತಿದೆ.

ಗುಂಡಿಯ ವೈರನ್ನು ಹಿಂಬಾಲಿಸಿ ಹೋದೆ. ಅಚ್ಚುಕಟ್ಟಾಗಿ ಕಾಣಲೆಂದು ಅದನ್ನು ಮೋಟಾರಿನ ಕೇಬಲ್ಲಿಗೆ ಒತ್ತಿ, ಸ್ಟಾರ್ಟರಿನ ಬೆನ್ನ ಹಿಂದಿನಿಂದ ಹಾಯಿಸಿ, ಗೇಣುದ್ದಕ್ಕೊಂದರಂತೆ ಪ್ಲಾಸ್ಟಿಕ್ ಪಟ್ಟಿ ಬಿಗಿದಿದ್ದರು. ರನ್ ಎಂಬುದು ಪ್ರೊಸೆಸರಿನ ರೀಸೆಟ್ ದಾರಿ. ಬೋರ್ಡಿನೊಳಗಿನ ಒಂದು ರೆಸಿಸ್ಟರು ಅದನ್ನು 3.3 ವೋಲ್ಟಿಗೆ ಮೆಲ್ಲಗೆ ಎತ್ತಿ ಹಿಡಿದಿರುತ್ತದೆ. ಯಾರಾದರೂ ಅದನ್ನು ಕ್ಷಣಮಾತ್ರ ನೆಲಕ್ಕೆ (ಸೊನ್ನೆ ವೋಲ್ಟಿಗೆ) ಎಳೆದರೆ ಬೋರ್ಡು ಮೊದಲಿನಿಂದ ಶುರುವಾಗುತ್ತದೆ. ಸ್ಟಾರ್ಟರಿನೊಳಗೆ ಮೋಟಾರನ್ನು ಹಾಕಿ ತೆಗೆಯುವ ವಿದ್ಯುತ್ ಸ್ವಿಚ್ಚಾದ ಕಾಂಟ್ಯಾಕ್ಟರಿನ ಕಾಯಿಲ್ಲಿಗೆ ಕರೆಂಟು ತಪ್ಪಿದಾಗ, ಅದರಲ್ಲಿ ಕೂಡಿಟ್ಟ ಶಕ್ತಿ ಹೋಗಲು ಜಾಗವಿಲ್ಲದೆ ಚೂಪಾದ ವೋಲ್ಟೇಜಾಗಿ ಸಿಡಿಯುತ್ತದೆ. ಪಕ್ಕದಲ್ಲೇ ನಾಲ್ಕು ಮೀಟರ್ ಉದ್ದಕ್ಕೆ ಮಲಗಿದ ವೈರು ಆ ಸಿಡಿತಕ್ಕೆ ಒಡ್ಡಿದ ಆಂಟೆನಾ. ಗುಂಡಿ ಒತ್ತುವ ಬೆರಳಿನ ಕೆಲಸವನ್ನು ಕಾಂಟ್ಯಾಕ್ಟರೇ ಮಾಡುತ್ತಿತ್ತು.

ಇದನ್ನು ಸಾಬೀತುಪಡಿಸದೆ ಬಿಡುವಂತಿರಲಿಲ್ಲ. ಮೋಟಾರನ್ನು ಪದೇ ಪದೇ ಹೊರಡಿಸಿ ನಿಲ್ಲಿಸಿದರೆ ಅದಕ್ಕೆ ಕೇಡು. ಆದ್ದರಿಂದ ತೋಟದ ಎಲೆಕ್ಟ್ರಿಷಿಯನ್ ಮೇನ್ ಸ್ವಿಚ್ ಆಫ್ ಮಾಡಿ, ಮೋಟಾರಿನ ಮೂರು ವೈರುಗಳನ್ನು ಸ್ಟಾರ್ಟರಿನಿಂದ ಬಿಡಿಸಿ ಟೇಪು ಸುತ್ತಿದರು. ಆಮೇಲೆ ಬರಿಯ ಕಾಂಟ್ಯಾಕ್ಟರನ್ನು ಮೂವತ್ತು ಬಾರಿ ಹಾಕಿ ತೆಗೆದೆವು: ಒಂಬತ್ತು ರೀಸೆಟ್. ಮೋಟಾರೇ ಇಲ್ಲದೆಯೂ ಆಯಿತೆಂದರೆ ಕಾಯಿಲ್ಲಿನ ಸಿಡಿತವೊಂದೇ ಸಾಕೆಂದಾಯಿತು. ರನ್ ತೂತಿನಿಂದ ವೈರಿನ ಬೆಸುಗೆ ಬಿಡಿಸಿ ಮತ್ತೆ ಮೂವತ್ತು ಬಾರಿ: ಒಂದೂ ಇಲ್ಲ. ಬೋರ್ಡಿನ ಹತ್ತಿರ ರನ್ ಮತ್ತು ನೆಲದ ನಡುವೆ 0.1 ಮೈಕ್ರೋಫ್ಯಾರಡಿನ ಕೆಪಾಸಿಟರ್ ಇಟ್ಟು ವೈರನ್ನು ಮರಳಿ ಸೇರಿಸಿ ಇನ್ನೊಮ್ಮೆ: ಎರಡು. ಕೆಪಾಸಿಟರಿನಿಂದ ತಗ್ಗಿತು, ತಪ್ಪಲಿಲ್ಲ.

ಮಾಡಿದ್ದು

ಗುಂಡಿಯನ್ನು ತೆಗೆದೇಬಿಟ್ಟೆ. ವೈರನ್ನು ಜೋಡಿ ಹೆಣೆದು, ಬೇರೆ ಗೋಡೆಯಲ್ಲಿ ಹಾಯಿಸಿ, ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟೋಕಪ್ಲರ್ ಇಟ್ಟು ಉಳಿಸಿಕೊಳ್ಳಬಹುದಿತ್ತು, ಮಾಲೀಕರಿಗೂ ಆ ಗುಂಡಿಯ ಮೇಲೆ ಮೋಹವಿತ್ತು. ಆದರೆ ರನ್ ಗುಂಡಿ ಮಾಡುವುದು ಬರೆಯುತ್ತಿರುವ ಕಾರ್ಡಿನ ಕೈಯಿಂದ ಲೇಖನಿ ಕಿತ್ತುಕೊಳ್ಳುವ ಕೆಲಸ. ಅದನ್ನು ಬಾಗಿಲ ಪಕ್ಕದಲ್ಲಿ ಎಲ್ಲರ ಕೈಗೆಟುಕುವಂತೆ ಇಡುವುದು ನನಗೆ ಸರಿಕಾಣಲಿಲ್ಲ. ಬದಲಿಗೆ ಚಿಪ್ಪಿನಲ್ಲೇ ಇರುವ ವಾಚ್‌ಡಾಗನ್ನು ಚಾಲೂ ಮಾಡಿದೆ. ಅದರ ಗರಿಷ್ಠ ಅವಧಿ ಸುಮಾರು 15 ಸೆಕೆಂಡು, 14ಕ್ಕೆ ಇಟ್ಟಿದ್ದೇನೆ. ಲಿನಕ್ಸು ನಿಜವಾಗಿ ಸಿಕ್ಕಿಹಾಕಿಕೊಂಡರೆ ಅದೇ ರೀಸೆಟ್ ಮಾಡುತ್ತದೆ. ತುರ್ತು ಸ್ಥಿತಿಯಲ್ಲಿ ಕುಳಿತ ಬೋರ್ಡನ್ನು ವಾಚ್‌ಡಾಗ್ ಎಬ್ಬಿಸುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಅಲ್ಲಿ ಎಲ್ಲವೂ ಕ್ಷೇಮ. ಹಾಗಾಗಿ ಎಫ್‌ಎಸ್‌ಟ್ಯಾಬಿನ ತಿದ್ದುಪಡಿಯನ್ನು ಬಿಡುವಂತಿರಲಿಲ್ಲ. ನೋಫೇಲ್ ಸೇರಿಸಿ, ಕಾಯುವ ಅವಧಿಯನ್ನು ಹತ್ತು ಸೆಕೆಂಡಿಗೆ ಇಳಿಸಿದೆ.

ಕನ್ವರ್ಟರನ್ನು ಬ್ಯಾಟರಿಯ ಬಳಿಯಿಂದ ತೆಗೆದು ಪೆಟ್ಟಿಗೆಯೊಳಗೆ ಬೋರ್ಡಿನ ಪಕ್ಕಕ್ಕೆ ತಂದೆ. ದೂರದ ದಾರಿಯನ್ನು 12 ವೋಲ್ಟೇ ಸಾಗಲಿ, 5 ವೋಲ್ಟಿಗೆ ಒಂದು ಗೇಣಿನ 20 ಗೇಜ್ ವೈರು ಸಾಕು. ಹಳೆಯ ಕೇಬಲ್ಲು ಒಲೆಗೆ ಹೋಗದಿರಲೆಂದು ರೈಟರು ಫೋನ್ ಚಾರ್ಜಿಗೆ ಇಟ್ಟುಕೊಂಡರು. ಈಗ ಏಳುವಾಗಲೂ ಪಿನ್ನುಗಳ ನಡುವೆ 5.0ಕ್ಕಿಂತ ಇಳಿಯುವುದಿಲ್ಲ, 50005 ಬರುತ್ತಿದ್ದಲ್ಲಿ ಸೊನ್ನೆ ಬರುತ್ತದೆ. ಎಲೆಕ್ಟ್ರಿಷಿಯನ್ ಕಾಂಟ್ಯಾಕ್ಟರಿನ ಕಾಯಿಲ್ಲಿಗೆ ಅಡ್ಡಲಾಗಿ ಸಿಡಿತವನ್ನು ಹೀರುವ ಒಂದು ಸ್ನಬರನ್ನೂ ಹಾಕಿದರು. ದಾಖಲೆಯ ಸಮಯ ಮತ್ತೆ ದಾರಿ ತಪ್ಪಿಸದಿರಲೆಂದು ಡಿಎಸ್ 3231 ಗಡಿಯಾರದ ಮಾಡ್ಯೂಲನ್ನು ಸೇರಿಸಿದೆ. ಕೊನೆಗೆ ಕಾರ್ಡಿನ ಮೇಲೆ ಓವರ್‌ಲೇ ವ್ಯವಸ್ಥೆ ಚಾಲೂ ಮಾಡಿ, ಅದಕ್ಕೆ ಏನೂ ಬರೆಯದಂತೆ ಮಾಡಿ, ಅಳತೆಗಳೆಲ್ಲ ಪೆನ್‌ಡ್ರೈವಿಗೆ ಹೋಗುವಂತೆ ಇಟ್ಟೆ.

ಒಂದು ವಿಷಯದಲ್ಲಿ ಎಡವಿದೆ. ಸುರಕ್ಷಿತವಾಗಿ ನಿಲ್ಲಿಸುವ ಗುಂಡಿಯೊಂದನ್ನು ಪೆಟ್ಟಿಗೆಯೊಳಗೇ ಇಡೋಣವೆಂದು 5ನೆಯ ಪಿನ್ನಿಗೆ ಹಾಕಿದೆ. ನಿಂತ ಬೋರ್ಡನ್ನು ಅದೇ ಪಿನ್ನು ಎಬ್ಬಿಸಲೂ ಬಲ್ಲದು ಎಂಬ ಅನುಕೂಲಕ್ಕಾಗಿ. ಹೊಸ ಗಡಿಯಾರ ಬೋರ್ಡಿನೊಡನೆ ಮಾತಾಡುವುದೂ ಅದೇ ಪಿನ್ನಿನ ಮೂಲಕ ಎಂಬುದು ಮರೆತಿತ್ತು. ಗಡಿಯಾರ ಕಾಣೆಯಾದಾಗ ನೆನಪಾಯಿತು. ಗುಂಡಿಯನ್ನು ಬೇರೆ ಪಿನ್ನಿಗೆ ಸ್ಥಳಾಂತರಿಸಿ, ಎಬ್ಬಿಸುವ ಅನುಕೂಲವನ್ನು ಬಿಟ್ಟುಕೊಟ್ಟೆ.

ಮಾರ್ಚ್ ಉಳಿದ ಭಾಗದಲ್ಲಿ ಸ್ಪ್ರಿಂಕ್ಲರ್ ಇನ್ನೂ ಹದಿನೇಳು ದಿನ ನಡೆಯಿತು, ರೀಸೆಟ್ ಆಗಲಿಲ್ಲ. ಜುಲೈಯಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದೆ ಬ್ಯಾಟರಿ ಮತ್ತೆ ಬರಿದಾಯಿತು. ಲೈನು ಸರಿಯಾದ ರಾತ್ರಿ 2.40ಕ್ಕೆ ಬೋರ್ಡು ತಾನೇ ಎದ್ದು, ಬೆಳಿಗ್ಗೆ ಎಂದಿನಂತೆ ಮಳೆಯ ಲೆಕ್ಕ ಕಳುಹಿಸಿತ್ತು. ನಡುವಿನ ಮೂರು ದಿನದ ಸೆಂಟುಗಳನ್ನು ರೈಟರು ಹಳೆಯ ಗಾಜಿನ ಅಳತೆಯಿಂದ ಪುಸ್ತಕಕ್ಕೆ ತುಂಬಿಸಿದರು. ಲಕೋಟೆಯ ಎರಡು ಒಳ್ಳೆಯ ಕಾರ್ಡುಗಳಲ್ಲಿ ಡಿಸೆಂಬರಿನದು ಈಗ ಬೋರ್ಡಿನಲ್ಲಿದೆ. ನವೆಂಬರಿನದರಲ್ಲಿ ಇಡೀ ವ್ಯವಸ್ಥೆಯ ತದ್ರೂಪು ಪ್ರತಿ ಇಟ್ಟು, ಅದೇ ಲಕೋಟೆಯಲ್ಲಿ, ಮಳೆ ಪುಸ್ತಕದ ನಡುವೆಯೇ ಬಿಟ್ಟಿದ್ದೇವೆ.